ಎರಡನೇ ಸಲ ಕೇಳದ ಪೆಟ್ಟಿಗೆ

ಇವತ್ತು ಬೆಳಿಗ್ಗೆ ಗ್ಯಾಸ್ ಸಿಲಿಂಡರ್ ಹೊತ್ತು ತಂದ ಶಿವಣ್ಣನನ್ನು ಕಾಫಿ ಕುಡೀತೀಯೇನಪ್ಪ ಎಂದು ಕೇಳಿದೆ. "ಬ್ಯಾಡ ಕಣಕ್ಕ, ಈಗ್ತಾನೆ ಕುಡ್ಕಂಡು ಬಂದೆ" ಎಂದ. ನಾನು ಆ ಮಾತು ಕಿವಿಗೇ ಬೀಳದವಳಂತೆ ಒಲೆಯ ಮೇಲೆ ಹಾಲಿಟ್ಟೆ. ಲೋಟ ಮುಂದಿಟ್ಟಾಗ "ಯಾಕ್ ಸುಮ್ನೆ ತೊಂದ್ರೆ ತಗಂಡ್ರಿ" ಎನ್ನುತ್ತಲೇ ಮುಗಿಸಿದ. ಪಾತ್ರೆಯಲ್ಲಿ ಉಳಿದದ್ದನ್ನೂ ಬಗ್ಗಿಸಿದೆ. ಅದನ್ನೂ ಕುಡಿದ. ಇದರಲ್ಲಿ ಅವನಿಗಾಗಲಿ ನನಗಾಗಲಿ ಆಶ್ಚರ್ಯಪಡುವಂಥದ್ದೇನೂ ಇರಲಿಲ್ಲ.

ಹುಣಸೂರಿನಿಂದ ಎಚ್.ಡಿ. ಕೋಟೆಯವರೆಗೆ, ಪಿರಿಯಾಪಟ್ಟಣದಿಂದ ಕೆ.ಆರ್. ನಗರದವರೆಗೆ ಎಲ್ಲಿ ಬೇಕಾದರೂ ಹೋಗಿ ನೋಡಿ. ಮೊದಲ ಸಲ ಕೇಳಿದಾಗಲೇ ಹೂಂ ಎನ್ನುವವರು ಸಿಕ್ಕರೆ ಅವರು ಹೊರಗಿನವರೇ ಇರಬೇಕು. ನಾವು ಚಿಕ್ಕವರಿದ್ದಾಗ ನೆಂಟರ ಮನೆಗೆ ಹೊರಡುವ ಮುಂಚೆ ಅವ್ವ ನನ್ನ ಜಡೆ ಹೆಣೆಯುತ್ತಲೇ ಈ ಪಾಠ ಒಪ್ಪಿಸುತ್ತಿದ್ದಳು. "ಕೊಟ್ ತಕ್ಷಣ ಕೈ ಚಾಚ್ಬ್ಯಾಡ ಕಣವ್ವ. ಬ್ಯಾಡ ಅನ್ನು. ಇನ್ನೊಂದ್ಸಲ ಕೇಳ್ತಾರೆ, ಆಗ್ಲೂ ಬ್ಯಾಡ ಅನ್ನು. ಆಮ್ಯಾಕೆ ಕೊಟ್ರೆ ಈಸ್ಕೊ."

"ಇನ್ನೊಂದ್ಸಲ ಕೇಳ್ದೆ ಓದ್ರೆ?"

"ಕೇಳ್ದೆ ಇರ್ತಾರಾ? ಅವರೇನ್ ಮನುಷ್ರಲ್ವಾ?"

ಅವ್ವನ ಈ ಶಾಸ್ತ್ರ ಒಮ್ಮೆ ಮಾತ್ರ ಕೈಕೊಟ್ಟಿತು. ಮೈಸೂರಿನಲ್ಲಿ ನಮ್ಮ ದೂರದ ನೆಂಟರೊಬ್ಬರ ಮನೆಗೆ ಹೋಗಿದ್ದೆವು. ಆ ಮನೆಯಾಕೆ ಎಲ್ಲಿಯೋ ದೂರದಲ್ಲಿ ಓದಿಕೊಂಡು ಬಂದವರು. ಚಕ್ಕುಲಿಯ ತಟ್ಟೆ ಮುಂದೆ ಹಿಡಿದು ತಗೊಳ್ಳಮ್ಮ ಎಂದರು. ನಾನು ಹೇಳಿಕೊಟ್ಟಂತೆ ಬೇಡ ಎಂದೆ. "ಓ, ಸರಿ" ಎಂದು ತಟ್ಟೆಯನ್ನು ಒಳಗೆ ತೆಗೆದುಕೊಂಡು ಹೋಗಿಯೇಬಿಟ್ಟರು! ಪಿರಿಯಾಪಟ್ಟಣದ ಬಸ್ಸಿನಲ್ಲಿ ದಾರಿಯುದ್ದಕ್ಕೂ ನಾನು ಅತ್ತೆ. ಅವ್ವ ನನ್ನನ್ನು ಸಮಾಧಾನ ಮಾಡಲಿಲ್ಲ. ಅವಳೂ ಬೇಡ ಎಂದಿದ್ದಳು, ಅವಳಿಗೂ ಹಸಿವಾಗಿತ್ತು.

ಇಷ್ಟು ವರ್ಷಗಳ ಮೇಲೆ ಆ ಚಕ್ಕುಲಿ ತಟ್ಟೆ ಮತ್ತೆ ನನ್ನ ಕಣ್ಣ ಮುಂದೆ ಬಂದದ್ದು ಕಂಪ್ಯೂಟರಿನ ಪರದೆಯಲ್ಲಿ.

ನಾನು ಹುಣಸೂರಿನಲ್ಲಿ ಗೊಬ್ಬರದ ಅಂಗಡಿಯೊಂದರ ಮಹಡಿಯ ಮೇಲೆ ಪ್ರೋಗ್ರಾಮಿಂಗ್ ಪಾಠ ಹೇಳುತ್ತೇನೆ. ಕೆಳಗಿನಿಂದ ಯೂರಿಯಾದ ಘಾಟು, ಮೇಲಿನಿಂದ ಶೀಟಿನ ಕಾವು, ನಡುವೆ ನಾವು. ಕಂಪ್ಯೂಟರುಗಳು ಯಾವುದೋ ಕಚೇರಿಯವರು ಬೇಡವೆಂದು ಬಿಟ್ಟವು. ಪ್ರೋಗ್ರಾಂ ಬರೆಯಲು ಬಳಸುವ ತಂತ್ರಾಂಶವೂ ದುಡ್ಡು ಕೊಟ್ಟು ತಂದದ್ದಲ್ಲ. ಅದು ಓಪನ್ ಸೋರ್ಸ್. ಹಾಗೆಂದರೆ ಊರ ಕೆರೆ ಇದ್ದ ಹಾಗೆ. ಯಾರು ಬೇಕಾದರೂ ನೀರು ತೆಗೆದುಕೊಳ್ಳಬಹುದು, ಮನಸ್ಸಿದ್ದವರು ಇಳಿದು ಹೂಳನ್ನೂ ಎತ್ತಬಹುದು. ಆದರೆ ತೂಬಿನ ಬಳಿ ಒಬ್ಬ ನೀರುಗಂಟಿ ಇರುತ್ತಾನೆ. ಅವನನ್ನು ಕೇಳದೆ ತೂಬು ಮುಟ್ಟುವಂತಿಲ್ಲ. ಈ ತಂತ್ರಾಂಶದ ನೀರುಗಂಟಿ ಭೂಮಿಯ ಆ ಮಗ್ಗುಲಲ್ಲಿ ಎಲ್ಲಿಯೋ ಇದ್ದ. ಅವನ ಮುಖವನ್ನು ನಾನು ಇವತ್ತಿಗೂ ಕಂಡಿಲ್ಲ.

ನನ್ನ ತರಗತಿಗೆ ವೀರನಹೊಸಹಳ್ಳಿಯ ಕಡೆಯಿಂದ ಚಂದ್ರಿಕಾ ಎಂಬ ಹೆಂಗಸು ಬರುತ್ತಿದ್ದಳು. ಮೂವತ್ತರ ಆಸುಪಾಸು. ಮದುವೆಗೆ ಮುಂಚೆ ಡಿಪ್ಲೊಮಾ ಅರ್ಧಕ್ಕೆ ಬಿಟ್ಟವಳು. ಅವಳ ಮನೆಯಲ್ಲಿ ಹೊಗೆಸೊಪ್ಪು ಬೆಳೆಯುತ್ತಾರೆ. ನಮ್ಮ ಕಡೆ ಹೊಗೆಸೊಪ್ಪು ಬೆಳೆಯುವುದು ಅರ್ಧ ಕೆಲಸ, ಬೇಯಿಸುವುದು ಇನ್ನರ್ಧ. ಕಿತ್ತ ಎಲೆಗಳನ್ನು ಕಡ್ಡಿಗೆ ಕಟ್ಟಿ ಬ್ಯಾರನ್ ಎಂಬ ಎತ್ತರದ ಮಣ್ಣಿನ ಮನೆಯೊಳಗೆ ತೂಗುಹಾಕಿ, ಕೆಳಗಿನಿಂದ ಬೆಂಕಿ ಕೊಟ್ಟು ದಿನಗಟ್ಟಲೆ ಹದ ಮಾಡಬೇಕು. ಕಾವು ಇಳಿದರೆ ಎಲೆ ಕಪ್ಪಾಗುತ್ತದೆ, ಏರಿದರೆ ಸೀದುಹೋಗುತ್ತದೆ. ಹಾಗಾಗಿ ಬೆಂಕಿಯ ಮುಂದೆ ಯಾರಾದರೂ ಒಬ್ಬರು ಎಚ್ಚರವಾಗಿ ಕೂತೇ ಇರಬೇಕು. ಅವರ ಮನೆಯಲ್ಲಿ ಹಾಗೆ ಕೂರುವವರು ಅತ್ತೆ ಪುಟ್ಟಮ್ಮ. ಮದುವೆಯಾಗಿ ಬಂದಾಗಿನಿಂದ ಕೂತಿದ್ದಾರೆ. ಹೊಗೆಗೆ ಕಣ್ಣು ಸದಾ ಕೆಂಪು. ಬ್ಯಾರನ್ ಹೊತ್ತಿಸಿದ ಮೇಲೆ ಅವರು ಬೆನ್ನು ನೆಲಕ್ಕೆ ಹಾಕಿದ್ದನ್ನು ತಾನು ಕಂಡೇ ಇಲ್ಲವೆಂದು ಚಂದ್ರಿಕಾ ಹೇಳುತ್ತಿದ್ದಳು.

"ಒಂದು ಗಂಟೆ ಮಾಡ್ಬೇಕು ಮಿಸ್" ಎಂದಿದ್ದಳು ಮೊದಲ ದಿನವೇ. "ಬ್ಯಾರನ್ ಒಳಗೆ ಕಾವು ಅತ್ಲಾಗಿತ್ಲಾಗಾದ್ರೆ ಮನೇಲಿ ಗಂಟೆ ಒಡ್ಕೋಬೇಕು. ಆಗ ನಾನೋ ನಮ್ಮೆಜಮಾನ್ರೋ ಎದ್ದೋಗಿ ನೋಡ್ತೀವಿ. ಅತ್ತೆ ಒಸಿ ಮಲೀಕಳ್ಳಿ."

ಅಂಗೈಯಗಲದ ಒಂದು ಎಲೆಕ್ಟ್ರಾನಿಕ್ ಬೋರ್ಡು, ಕಾವು ಅಳೆಯುವ ಒಂದು ಕಡ್ಡಿ, ಒಂದು ಬಜರ್. ಅಷ್ಟಕ್ಕೆ ಪ್ರೋಗ್ರಾಂ ಬರೆಯಬೇಕು. ಕೇಳಲು ಸುಲಭ. ಗಂಟೆ ಸುಮ್ಮಸುಮ್ಮನೆ ಹೊಡೆದುಕೊಳ್ಳಬಾರದು, ಹೊಡೆಯಬೇಕಾದಾಗ ತಪ್ಪಬಾರದು ಎಂದಾಗ ಕಷ್ಟ. ಒಂದು ಭಾನುವಾರ ಚಂದ್ರಿಕಾ ಹಳೆಯದನ್ನೆಲ್ಲ ಬಿಟ್ಟು ಹೊಸದಾಗಿ ಬರೆಯಲು ಕೂತಳು. ಸಂಜೆಯ ಹೊತ್ತಿಗೆ ಅದು ಎಲ್ಲ ರೀತಿಯಲ್ಲೂ ಸರಿಯಾಗಿ ಕೂತಿತು. ಖುಷಿಯಲ್ಲಿ ಒಂದು ಸುತ್ತು ಚಪ್ಪಾಳೆಯೂ ಆಯಿತು. ಬೋರ್ಡಿಗೆ ಏರಿಸುವುದು ನಾಳೆ ಎಂದುಕೊಂಡೆವು. ದಿನಾ ಮುಚ್ಚುವ ಹೊತ್ತಿಗೆ ನಾನೇ ಒಬ್ಬೊಬ್ಬರ ಬಳಿ ಹೋಗಿ ಅವರವರ ಕೆಲಸ ಉಳಿಸಿಕೊಡುವುದು ರೂಢಿ. ಅವತ್ತು ಇನ್ವರ್ಟರ್ ಬ್ಯಾಟರಿಗೆ ನೀರು ತರಲು ಕೆಳಗೆ ಹೋಗಿದ್ದೆ. ಬಸ್ಸಿನ ಹೊತ್ತಾಯಿತೆಂದು ಚಂದ್ರಿಕಾ ತಾನೇ ಮುಚ್ಚಿದಳು.

ಮುಚ್ಚುವಾಗ ಪರದೆಯ ನಡುವೆ ಒಂದು ಪೆಟ್ಟಿಗೆ ಧುತ್ತೆಂದು ಎದ್ದು ಕೇಳುತ್ತದೆ: ಬದಲಾವಣೆಗಳನ್ನು ಉಳಿಸಿಕೊಳ್ಳಬೇಕೆ? ಕೆಳಗೆ ಹೌದು, ಬೇಡ, ರದ್ದು ಎಂಬ ಮೂರು ಗುಂಡಿಗಳು. ಪಕ್ಕದಲ್ಲಿ ಯಾರೋ ಸತ್ತಿದ್ದಾರೆಂಬಂತೆ ಒಂದು ಹಳದಿ ತ್ರಿಕೋನ. ಇದಕ್ಕೆ ಡಯಲಾಗ್ ಬಾಕ್ಸ್ ಎಂದು ಹೆಸರಿಟ್ಟಿದ್ದಾರೆ. ಡಯಲಾಗ್ ಎಂದರೆ ಎರಡೂ ಕಡೆಯಿಂದ ನಾಲ್ಕು ಮಾತಾಗಬೇಕಲ್ಲವೇ? ಇದು ಕೇಳುವುದು ಒಂದೇ ಮಾತು, ಉತ್ತರ ಬಂದ ಕೂಡಲೇ ತೀರ್ಪು. ರದ್ದು ಎಂಬ ಗುಂಡಿಯನ್ನಂತೂ ನಮ್ಮವರು ಯಾರೂ ಮುಟ್ಟುವುದಿಲ್ಲ. ರದ್ದಾಗುವುದೇನಿದ್ದರೂ ಬಸ್ಸು, ಇಲ್ಲವೇ ರೇಷನ್ ಕಾರ್ಡು.

ಮರುದಿನ ಚಂದ್ರಿಕಾ ಬಂದು ತೆರೆದರೆ ಬಿಳಿ ಹಾಳೆ. ದಿನವಿಡೀ ಮಾಡಿದ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗಿತ್ತು.

"ಏನ್ ಒತ್ತಿದ್ಯಮ್ಮ?" ಎಂದೆ.

"ಬ್ಯಾಡ ಅಂತ ಒತ್ತಿದೆ ಮಿಸ್."

"ಯಾಕೆ?"

ಅವಳು ನನ್ನ ಮುಖವನ್ನು ವಿಚಿತ್ರವಾಗಿ ನೋಡಿದಳು. ಗೊತ್ತಿದ್ದೂ ಯಾಕೆ ಕೇಳುತ್ತೀರಿ ಎನ್ನುವಂತೆ. "ಅದು ಕೇಳ್ತಲ್ಲ, ಉಳ್ಸ್ಕಬೇಕಾ ಅಂತ. ಕೇಳ್ದೇಟ್ಗೆ ಹೂಂ ಅನ್ನಕಾಯ್ತದಾ? ಯಾಕ್ ಸುಮ್ನೆ ಅದಕ್ಕೂ ತೊಂದ್ರೆ ಅಂತ ಬ್ಯಾಡ ಅಂದೆ. ಇನ್ನೊಂದ್ಸಲ ಕೇಳ್ತದೆ ಅಂದ್ಕಂಡೆ."

ನನಗೆ ನಗು ಬರಬೇಕಿತ್ತು. ಬಂದದ್ದು ಚಕ್ಕುಲಿ ತಟ್ಟೆಯ ನೆನಪು, ಜೊತೆಗೆ ಅದೇ ಹಳೆಯ ಸಿಟ್ಟು. ತರಗತಿಯಲ್ಲಿ ಉಳಿದವರನ್ನು ವಿಚಾರಿಸಿದರೆ ಎಲ್ಲರದೂ ಅದೇ ಕಥೆ. ಕೈ ತಾನಾಗಿ ಬೇಡದ ಮೇಲೆ ಹೋಗುತ್ತದೆ ಮಿಸ್ ಎಂದರು. ಇಷ್ಟು ದಿನ ನಾನು ಎಲ್ಲರ ಹಿಂದೆ ಓಡಾಡಿ ಉಳಿಸುತ್ತಿದ್ದುದರಿಂದ ಇದು ಬಯಲಿಗೆ ಬಂದಿರಲಿಲ್ಲ.

ಆಮೇಲೆ ಚಂದ್ರಿಕಾ ತರಗತಿಗೆ ಬರಲಿಲ್ಲ. ಫೋನ್ ಮಾಡಿದರೆ "ಬುಡಿ ಮಿಸ್, ನನ್ನಂತೋರಿಗೆ ಇದೆಲ್ಲ ಅಲ್ಲ" ಎಂದು ಇಟ್ಟುಬಿಟ್ಟಳು. ನಾನೇ ಬಸ್ಸು ಹತ್ತಿ ಅವಳ ಮನೆಗೆ ಹೋದೆ.

ಪುಟ್ಟಮ್ಮ ಜಗಲಿಯ ಮೇಲೆ ಕೂತು ಅವರೆಕಾಳು ಹಸನು ಮಾಡುತ್ತಿದ್ದರು. ಊಟ ಮಾಡಿ ಎಂದರು. ಬೇಡ ಅಮ್ಮ, ಮನೆಯಲ್ಲೇ ಮಾಡಿಕೊಂಡು ಬಂದೆ ಎಂದೆ. ಒಸಿ ಉಣ್ಣಿ ಎಂದರು. ಹೊಟ್ಟೆ ತುಂಬಿದೆ ಎಂದೆ. ಮೂರನೇ ಸಲಕ್ಕೆ ಮುದ್ದೆ, ಉಪ್ಸಾರು ಮುಂದಿತ್ತು, ನಾನು ಎರಡನೇ ಮುದ್ದೆ ಮುರಿಯುತ್ತಿದ್ದೆ. ಇಷ್ಟಾದ ಮೇಲೆ ವಿಷಯಕ್ಕೆ ಬಂದೆವು.

"ನೋಡಿ ಮೇಡಮ್ನೋರೆ" ಎಂದರು ಪುಟ್ಟಮ್ಮ. "ನಾಟಿ ಮುಗ್ದದೆ. ಸೊಪ್ಪು ಕೀಳಾಗಂಟ ಓಗ್ಬರ್ಲಿ, ನಾನೇನ್ ಅಡ್ಡ ಬರಕಿಲ್ಲ. ಕೀಳಕ್ ಶುರುವಾದ್ಮೇಲೆ ಆಗಕಿಲ್ಲ. ಮೊದಲ್ನೇ ಬ್ಯಾರನ್ ಹೊತ್ಸೋವೊತ್ಗೆ ಆ ಗಂಟೆ ಒಡ್ಕಂಡ್ರೆ ಸೈ. ಇಲ್ದಿದ್ರೆ ನಾನಿದ್ದೀನಲ್ಲ ಕುಂತ್ಕಳಕೆ."

"ನಿಮಗೆ ಮಲಗಬೇಕು ಅನ್ಸಲ್ವಾ ಅಮ್ಮ?"

"ಬ್ಯಾಡ ಬುಡಿ. ನಂಗ್ಯಾಕೆ ನಿದ್ದೆ, ಈ ವಯಸ್ನಾಗೆ."

ಆ ಬೇಡ ನನಗೆ ಚೆನ್ನಾಗಿ ಅರ್ಥವಾಯಿತು. ಚಂದ್ರಿಕಾಳನ್ನು ಹೊರಗೆ ಕರೆದು, "ನೀನು ಗಂಟೆ ಮತ್ತೆ ಬರಿ, ಆ ಪೆಟ್ಟಿಗೆಯನ್ನು ನಾನು ನೋಡ್ಕೋತೀನಿ" ಎಂದೆ. "ಅದನ್ನ ನಿಮ್ಕೈಲಿ ಬದ್ಲಾಯ್ಸಕಾಯ್ತದಾ ಮಿಸ್?" ಎಂದಳು. ಆಗುತ್ತದೆ ಎಂದೆ. ಆಗುತ್ತದೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಜನ್ಮದಲ್ಲಿ ಒಂದು ಸಲವೂ ಬೇರೆಯವರ ತಂತ್ರಾಂಶದ ಒಂದು ಸಾಲನ್ನು ಬದಲಿಸಿದವಳಲ್ಲ ನಾನು. ಪುಸ್ತಕದಲ್ಲಿದ್ದದ್ದನ್ನು ಬೋರ್ಡಿನ ಮೇಲೆ ಬರೆದು, ಬೋರ್ಡಿನ ಮೇಲಿದ್ದದ್ದನ್ನು ಒರೆಸಿ, ಅರ್ಧ ಆಯುಷ್ಯ ಕಳೆದವಳು. ಆದರೆ ಮಾತು ಕೊಟ್ಟಾಗಿತ್ತು.

ಮೊದಲು ನೀರುಗಂಟಿಗೆ ಬರೆದೆ. ಇಂಗ್ಲಿಷಿನಲ್ಲಿ ನಾನು ರಜೆ ಚೀಟಿಗಿಂತ ಉದ್ದದ್ದೇನನ್ನೂ ಬರೆದಿರಲಿಲ್ಲ. ನಮ್ಮ ಕಡೆ ಮೊದಲ ಬೇಡ ಎಂದರೆ ಬೇಡ ಅಲ್ಲ, ಅದು ಬರೀ ಮರ್ಯಾದೆ ಎಂದು ವಿವರಿಸಲು ನನಗೆ ಇಡೀ ಸಂಜೆ ಹಿಡಿಯಿತು. ಚಕ್ಕುಲಿಯ ವಿಷಯವನ್ನೂ ಸೇರಿಸಿದ್ದೆ, ಆಮೇಲೆ ತೆಗೆದೆ. ಉತ್ತರ ಚುಟುಕಾಗಿ ಬಂತು. ಬಳಸುವವರು ಬೇಡ ಎಂದರೆ ಅವರ ಮಾತನ್ನು ಗೌರವಿಸುವುದೇ ನಮ್ಮ ಕ್ರಮ, ಇದರಲ್ಲಿ ದೋಷವೇನೂ ಕಾಣುವುದಿಲ್ಲ ಎಂದಿದ್ದ. ಓ, ಸರಿ ಎಂದು ತಟ್ಟೆ ಒಳಗೆ ತೆಗೆದುಕೊಂಡು ಹೋದ ಆ ಮನೆಯಾಕೆಯದೂ ಗೌರವವೇ ಆಗಿತ್ತಲ್ಲ! ಅವರ ಮೇಲೆ ಇಷ್ಟು ವರ್ಷ ಇಟ್ಟುಕೊಂಡಿದ್ದ ಕೋಪ ಆ ಕ್ಷಣ ಅರ್ಧ ಇಳಿಯಿತು. ಉಳಿದರ್ಧವನ್ನು ಕೆಲಸಕ್ಕೆ ಹಚ್ಚಿದೆ.

ಓಪನ್ ಸೋರ್ಸಿನ ದೊಡ್ಡ ಗುಣವೆಂದರೆ ನೀರುಗಂಟಿ ಒಪ್ಪದಿದ್ದರೂ ನಮ್ಮ ಮನೆಯ ಕೊಡದಲ್ಲಿ ತುಂಬಿಕೊಂಡ ನೀರನ್ನು ನಾವು ಹೇಗೆ ಬೇಕಾದರೂ ಕಾಯಿಸಿಕೊಳ್ಳಬಹುದು. ನಮ್ಮ ತರಗತಿಯ ಕಂಪ್ಯೂಟರುಗಳಲ್ಲಿದ್ದ ಪ್ರತಿಯನ್ನು ಬಿಚ್ಚಿದೆ. ಆ ಪೆಟ್ಟಿಗೆ ಎಲ್ಲಿ ಹುಟ್ಟುತ್ತದೆ ಎಂದು ಹುಡುಕುವುದರಲ್ಲೇ ಒಂದು ವಾರ ಹೋಯಿತು. ಕೊನೆಗೆ ಸಿಕ್ಕಿತು. ಬಹಳ ಹೆಮ್ಮೆಯಿಂದ, ಬೇಡ ಎಂದವರನ್ನು ಇನ್ನೊಮ್ಮೆ ಕೇಳುವಂತೆ ಮಾಡಿದೆ: ನಿಜವಾಗಿಯೂ ಬೇಡವೇ? ಅವ್ವ ಹೇಳಿದ ಹಾಗೆ ಪೆಟ್ಟಿಗೆಯನ್ನು ಮನುಷ್ಯನನ್ನಾಗಿ ಮಾಡಿಬಿಟ್ಟೆ ಎಂದುಕೊಂಡೆ.

ಮತ್ತೆ ಬರತೊಡಗಿದ್ದ ಚಂದ್ರಿಕಾಳನ್ನೇ ಕೂರಿಸಿ, ಸುಮ್ಮನೆ ನಾಲ್ಕು ಸಾಲು ಬರೆಸಿ, ಮುಚ್ಚು ಎಂದೆ. ಪೆಟ್ಟಿಗೆ ಕೇಳಿತು. ಬೇಡ ಒತ್ತಿದಳು. ಪೆಟ್ಟಿಗೆ ಮತ್ತೆ ಕೇಳಿತು. ಮತ್ತೆ ಬೇಡ ಒತ್ತಿದಳು. ನಾಲ್ಕೂ ಸಾಲು ಹೋದವು.

"ಎರಡನೇ ಸಲ ಕೇಳ್ತಲ್ಲಮ್ಮ!" ಎಂದು ಕೂಗಿದೆ.

"ಎರಡ್ನೇ ಸಲಕ್ಕೇ ಒಪ್ಕಂಬುಟ್ರೆ ಆಸೆಬುರುಕ್ರು ಅನ್ಕಳಲ್ವ ಮಿಸ್?"

ತಪ್ಪು ನನ್ನದೇ. ಅವ್ವ ಎರಡು ಸಲ ಬೇಡ ಅನ್ನು ಎಂದು ಸ್ಪಷ್ಟವಾಗಿ ಹೇಳಿದ್ದಳು. ಹಾಗೆಂದು ಮೂರನೇ ಪೆಟ್ಟಿಗೆ ಮಾಡಿದರೆ, ಪಿರಿಯಾಪಟ್ಟಣದ ಕಡೆಯವರು ಇನ್ನೂ ಒಂದು ಸಲ ಜಾಸ್ತಿ ಬೇಡ ಎನ್ನುತ್ತಾರೆ. ನಮ್ಮವರೇ, ನನಗೆ ಗೊತ್ತು. ಇತ್ತ ನನ್ನ ಈ ಸಾಹಸವನ್ನು ನೀರುಗಂಟಿಗೂ ಕಳಿಸಿದ್ದೆ. ಒಂದು ಪೆಟ್ಟಿಗೆಯ ಕಾಟವೇ ಸಾಕಾಗಿರುವಾಗ ಎರಡು ಯಾರಿಗೆ ಬೇಕು ಎಂದು ವಾಪಸು ಬಂತು. ಜೊತೆಗೆ ನಾನು ಪ್ರೋಗ್ರಾಮಿನ ಸಾಲುಗಳ ಮುಂದೆ ಖಾಲಿ ಜಾಗ ಬಿಟ್ಟ ಕ್ರಮ ಸರಿಯಿಲ್ಲ ಎಂದು ಇಪ್ಪತ್ತಾರು ಕಡೆ ಕೆಂಪು ಗುರುತು. ವಿದ್ಯಾರ್ಥಿಗಳಿಗೆ ಕಾಣದಂತೆ ನಾನು ಕಂಪ್ಯೂಟರನ್ನು ಬೇರೆ ಕಡೆ ತಿರುಗಿಸಿಟ್ಟೆ.

ಬಿಡುವ ಮನಸ್ಸು ಬರಲಿಲ್ಲ. ಹೊಲದಲ್ಲಿ ಸೊಪ್ಪು ದಿನದಿನಕ್ಕೆ ಅಗಲವಾಗುತ್ತಿತ್ತು. ಚಂದ್ರಿಕಾ ಬಂದಾಗಲೆಲ್ಲ ಕೈಯಗಲಿಸಿ ಅದರ ಅಳತೆ ತೋರಿಸುತ್ತಿದ್ದಳು. ಅವಳ ಗಂಟೆ ಅರ್ಧಕ್ಕೆ ಬಂದಿತ್ತು. ಮುಚ್ಚುವ ಹೊತ್ತಿಗೆ ಮಾತ್ರ ಮೌಸ್ ಬಿಟ್ಟು ನನ್ನನ್ನು ಕೂಗುತ್ತಿದ್ದಳು. ಗಂಟೆ ಬರೆಯಬಲ್ಲ ಹೆಂಗಸು ಒಂದು ಗುಂಡಿಗೆ ಹೆದರುವಂತಾಗಿದ್ದು ನನಗೆ ಸಹಿಸಲಾಗಲಿಲ್ಲ.

ಆಗ ನೆನಪಿಗೆ ಬಂದವರು ಕೆ.ಆರ್. ನಗರದ ನಮ್ಮ ದೊಡ್ಡಮ್ಮ. ನಾಲೆಯ ಪಕ್ಕದ ಗದ್ದೆಯವರು, ಅನ್ನಕ್ಕೆ ಬರವಿಲ್ಲದ ಮನೆ. ಅವ್ವನ ಪಾಠ ಅವರ ಮನೆಯಲ್ಲಿ ಮಾತ್ರ ನಡೆಯುತ್ತಿರಲಿಲ್ಲ. ಯಾಕೆಂದರೆ ದೊಡ್ಡಮ್ಮ ಯಾರನ್ನೂ, ಯಾವತ್ತೂ, ಊಟ ಮಾಡ್ತೀರಾ ಎಂದು ಕೇಳಿದವರೇ ಅಲ್ಲ. ನಾವು ಕಾಲು ತೊಳೆದು ಒಳಗೆ ಬರುವಷ್ಟರಲ್ಲಿ ಎಲೆ ಹಾಸಿ, ನೀರು ಚಿಮುಕಿಸಿ, ಅನ್ನ ಬಡಿಸಿಯೇಬಿಟ್ಟಿರುತ್ತಿದ್ದರು. ಕೇಳಿದರೆ ತಾನೇ ಬೇಡ ಎನ್ನುವುದು? ಅವ್ವ ಒಮ್ಮೆ "ಅಲ್ಲ ಕಣಕ್ಕ, ಒಂದ್ಮಾತು ಕೇಳ್ಬಾರ್ದಾ?" ಎಂದಿದ್ದಕ್ಕೆ ದೊಡ್ಡಮ್ಮ, "ಕೇಳಿ ಬಡ್ಸೋಳು ಮನಸ್ಸಿಲ್ದೆ ಬಡಿಸ್ತಾಳೆ. ಬ್ಯಾಡ್ದಿದ್ರೆ ಎಲೆ ತುದೀಗೆ ತಳ್ಳಿ, ಎಮ್ಮೆ ತಿಂತದೆ" ಎಂದಿದ್ದರು.

ಮರುದಿನ ಬೆಳಿಗ್ಗೆ ಕಾಫಿಯನ್ನೂ ಕುಡಿಯದೆ ಮಹಡಿ ಹತ್ತಿದೆ. ಪೆಟ್ಟಿಗೆಯನ್ನು ಸುಧಾರಿಸುವುದಲ್ಲ, ತೆಗೆದೇ ಹಾಕುವುದು. ಮುಚ್ಚಿದರೆ ಸುಮ್ಮನೆ ಮುಚ್ಚಬೇಕು, ಬರೆದದ್ದೆಲ್ಲ ಬರೆಯುತ್ತಿದ್ದಂತೆಯೇ, ಕೇಳದೆಯೇ ಉಳಿಯುತ್ತಿರಬೇಕು. ನಾಳೆ ತೆರೆದರೆ ಎಲೆ ಹಾಸಿರಬೇಕು. ಬೇಡವಾದದ್ದನ್ನು ಸರಿಸಲು ಮೂಲೆಯಲ್ಲಿ ಸಣ್ಣದೊಂದು ಸಾಲು: ಹಿಂದಿನದಕ್ಕೆ ಮರಳಿ. ಇಷ್ಟೇ. ಇಷ್ಟನ್ನು ಮಾಡಲು ನಾನು ಪಟ್ಟ ಪಾಡು ಮಾತ್ರ ಇಷ್ಟೇ ಅಲ್ಲ. ಒಂದು ಕಡೆ ಸರಿ ಮಾಡಿದರೆ ಇನ್ನೊಂದು ಕಡೆ ಮುರಿಯಿತು. ಒಂದು ದಿನ ಎಲ್ಲರ ಕೆಲಸವೂ ಒಬ್ಬರದೇ ಹೆಸರಿನಲ್ಲಿ ಉಳಿದು, ತರಗತಿಯಲ್ಲಿ ಆಸ್ತಿ ಪಾಲಿನಂಥ ಜಗಳವಾಯಿತು. ಈ ಸಲ ಸಾಲುಗಳ ಮುಂದೆ ಜಾಗವನ್ನು ಮಾತ್ರ ಅಳೆದು ಅಳೆದು ಬಿಟ್ಟೆ.

ಹೊಸ ಪ್ರತಿಯನ್ನು ಹಾಕಿದ ದಿನವೇ, ಚಂದ್ರಿಕಾಳಿಗೆ ಹೇಳುವ ಮುಂಚೆಯೇ, ಪರೀಕ್ಷೆ ತಾನಾಗಿ ಬಂತು. ಚಂದ್ರಿಕಾ ಕೊನೆಯ ಭಾಗ ಬರೆಯುತ್ತಿದ್ದಾಗ ಕರೆಂಟ್ ಹೋಯಿತು. ಇನ್ವರ್ಟರ್ ಕೂಡ ಕೀರಲಿಟ್ಟು ಸುಮ್ಮನಾಯಿತು. ಅವಳು ಎದ್ದು ಬ್ಯಾಗ್ ಹೆಗಲಿಗೆ ಹಾಕಿಕೊಂಡು ಹೊರಟಳು. ಅವಳು ನಾಳೆ ಬರುವುದಿಲ್ಲ ಎಂದೇ ನನಗನಿಸಿತು. ಆದರೆ ಬಂದಳು. ಕಂಪ್ಯೂಟರ್ ಹಾಕಿದಳು. ನಾನು ಕಿಟಕಿಯ ಕಡೆ ತಿರುಗಿ ನಿಂತಿದ್ದೆ, ನೋಡುವ ಧೈರ್ಯವಿರಲಿಲ್ಲ.

"ಮಿಸ್!" ಎಂದು ಕೂಗಿದಳು. "ಎಲ್ಲಾ ಅಂಗಂಗೇ ಅದೆ! ಇದು ನನ್ನ ಏನೂ ಕೇಳ್ನೇ ಇಲ್ವಲ್ಲ?"

"ಕೇಳಲ್ಲ ಕಣೆ. ಇನ್ಮೇಲೆ ಬಡಿಸಿಬಿಡುತ್ತೆ" ಎಂದೆ. ದೊಡ್ಡಮ್ಮನ ಕಥೆ ಹೇಳಿದೆ. ನಕ್ಕಳು, ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳು. ಅವಳು ಅವತ್ತೇ ಗಂಟೆಯನ್ನು ಮುಗಿಸಿ ಬೋರ್ಡಿಗೆ ಏರಿಸಿದಳು. ಬಿಸಿನೀರಿನ ಲೋಟದಲ್ಲಿ ಕಡ್ಡಿ ಅದ್ದಿದಾಗ ಬಜರ್ ಎಷ್ಟು ಜೋರಾಗಿ ಕೂಗಿತೆಂದರೆ ಗೊಬ್ಬರದ ಅಂಗಡಿಯವರು ಮೇಲೆ ಓಡಿಬಂದರು.

ಹೊಸ ಬದಲಾವಣೆಯನ್ನು ನೀರುಗಂಟಿಗೂ ಕಳಿಸಿದ್ದೆ. ಅವನು ಅದು ಇದು ತಕರಾರು ತೆಗೆದ. ಒಂದೊಂದಕ್ಕೂ ಉತ್ತರ ಕೊಟ್ಟೆ. ಉಳಿಸುವುದು ಬೇಡವಾದವರು ಏನು ಮಾಡಬೇಕು ಎಂದು ಕೇಳಿದಾಗ ಎಮ್ಮೆಯ ವಿಷಯ ಬರೆಯದೆ ಗತ್ಯಂತರವಿರಲಿಲ್ಲ. ಆಮೇಲೆ ಒಂದು ದಿನ ಒಂದೇ ಸಾಲು ಬಂತು. ಸೇರಿಸಿಕೊಂಡಿದ್ದೇನೆ, ನಿಮ್ಮ ದೊಡ್ಡಮ್ಮನಿಗೆ ನಮಸ್ಕಾರ ಎಂದಿದ್ದ. ದೊಡ್ಡಮ್ಮ ಈಗಿಲ್ಲ. ಇದ್ದಿದ್ದರೆ ಅವನಿಗೂ ಎಲೆ ಹಾಕುತ್ತಿದ್ದರು.

ಮೊದಲ ಬ್ಯಾರನ್ ಹೊತ್ತಿಸಿದ್ದಾರೆಂದು ತಿಳಿದು ಒಂದು ಮಧ್ಯಾಹ್ನ ವೀರನಹೊಸಹಳ್ಳಿಯ ಬಸ್ಸು ಹತ್ತಿದೆ. ಊರೆಲ್ಲ ಬೇಯುವ ಹೊಗೆಸೊಪ್ಪಿನ ವಾಸನೆ. ಚಂದ್ರಿಕಾ ನನ್ನನ್ನು ಕಂಡವಳೇ ಒಳಗೆ ಹೋದಳು. ಕಾಫಿ ಏನೂ ಬೇಡಮ್ಮ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಲೋಟ ಕೈಯಲ್ಲಿತ್ತು. ಅವಳು ಕೇಳಲೇ ಇಲ್ಲ. ತುಟಿಯ ಮೂಲೆಯಲ್ಲಿ ನಗು ಮಾತ್ರ ಇತ್ತು.

"ಅತ್ತೆ ಎಲ್ಲಿ? ಬ್ಯಾರನ್ ಹತ್ರಾನಾ?"

ಅವಳು ಬೆರಳನ್ನು ತುಟಿಗಿಟ್ಟು ಜಗಲಿಯ ಆ ಕೊನೆಯನ್ನು ತೋರಿಸಿದಳು. ಚಾಪೆಯ ಮೇಲೆ ಪುಟ್ಟಮ್ಮ ಮಲಗಿದ್ದರು. ಒಂದು ಕೈ ತಲೆಯ ಕೆಳಗಿತ್ತು, ಬಾಯಿ ಚೂರು ತೆರೆದಿತ್ತು. ಎಷ್ಟು ವರ್ಷಗಳ ನಿದ್ದೆಯೋ, ಉಸಿರು ಅಷ್ಟು ಆಳವಾಗಿತ್ತು.

"ಹೇಗೆ ಒಪ್ಪಿಸ್ದೆ?" ಎಂದು ಪಿಸುಗುಟ್ಟಿದೆ.

"ಕೇಳ್ನಿಲ್ಲ ಮಿಸ್. ಕೇಳಿದ್ರೆ ಬ್ಯಾಡ ಅಂತಿದ್ರು. ಚಾಪೆ ಹಾಸಿ, ದಿಂಬು ಇಟ್ಬುಟ್ಟೆ. ಒಂದೀಟೊತ್ತು ಅದ್ನೇ ನೋಡ್ತಾ ನಿಂತಿದ್ರು. ಆಮ್ಯಾಕೆ ಮಲಿಕಂಡ್ರು."

ಕಾಫಿಯನ್ನು ಕೈಯಲ್ಲೇ ಹಿಡಿದು ಕೂತೆ. ಅಷ್ಟರಲ್ಲಿ ಒಳಗಿನ ಗೋಡೆಯ ಮೇಲೆ ಬಜರ್ ಕೂಗಿತು. ಚಾಪೆಯ ಮೇಲಿದ್ದ ಕೈ ನೆಲವನ್ನು ತಡವಿತು, ಪುಟ್ಟಮ್ಮ ಕಣ್ಣು ಬಿಡದೆಯೇ ಏಳಲು ಹೊರಟರು. "ನಾನೋಯ್ತೀನಿ ಅತ್ತೆ" ಎಂದು ಚಂದ್ರಿಕಾ ಆಗಲೇ ಅಂಗಳ ದಾಟಿದ್ದಳು. ಬ್ಯಾರನ್ನಿನ ಒಲೆಗೆ ಸೌದೆ ಬಿದ್ದ ಸದ್ದು ಕೇಳಿಸಿತು. ಕಾವೇರಿದಂತೆ ಬಜರ್ ಸುಮ್ಮನಾಯಿತು. ಪುಟ್ಟಮ್ಮ ಆ ಮಗ್ಗುಲಿಗೆ ಹೊರಳಿ ಮತ್ತೆ ನಿದ್ದೆಹೋದರು.